ಗೋಡೆ ತುಂಬ ಹಳೇ ಹೂಗಿಡದ ಚಿತ್ರ: ಮನೆಗೆ ಕಾಟೇಜ್ ಸೊಬಗು ತರುವುದು ಹೇಗೆ?

ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಿಂದೆ ಕಾಟೇಜ್ ಅಂದರೆ ಹೊಲದಲ್ಲಿ ದುಡಿಯುವವರ ಪುಟ್ಟ ಮನೆ. ತಗ್ಗು ಸೂರು, ದಪ್ಪ ಗೋಡೆ, ಚಿಕ್ಕ ಕಿಟಕಿ, ಅಂಗಳದ ತುಂಬ ಹೂಗಿಡ. ಹೆಲೆನ್ ಅಲಿಂಗಮ್ (1848–1926) ಎಂಬ ಕಲಾವಿದೆ ಸರ್ರೆ ಪ್ರಾಂತ್ಯದ ಇಂಥ ಮನೆಗಳನ್ನು ಜಲವರ್ಣದಲ್ಲಿ ಬಿಡಿಸಿದರು. ಹಳೆ ಮನೆಗಳನ್ನು ಕೆಡವುತ್ತಿದ್ದ ಕಾಲ ಅದು. ಇದ್ದ ಹಾಗೇ ಉಳಿಸಿಕೊಳ್ಳಬೇಕು ಅನ್ನುವ ಆಸೆ ಆ ಚಿತ್ರಗಳಲ್ಲಿ ಕಾಣುತ್ತದೆ.

ಕಾಟೇಜ್ ಶೈಲಿಯ ಮೂಲ ಇದು ಎಂದು ನೆನಪಿಟ್ಟುಕೊಂಡರೆ ಅಲಂಕಾರದ ಅರ್ಧ ಗೊಂದಲ ಕಳೆಯುತ್ತದೆ. ಕೋಣೆ ಸಣ್ಣದು, ಹಾಗಾಗಿ ಚಿತ್ರವೂ ಸಣ್ಣದು. ಸಾಮಾನು ಒಂದೇ ದಿನ ಸೆಟ್ಟಾಗಿ ತಂದದ್ದಲ್ಲ, ಹಾಗಾಗಿ ಫ್ರೇಮುಗಳು ಒಂದಕ್ಕೊಂದು ಹೊಂದಬೇಕೆಂದೇನಿಲ್ಲ. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿಗೂ ಈ ಶೈಲಿ ಒಗ್ಗುವುದು ಇದಕ್ಕೇ. ಗೋಡೆಗೆ ಹಾಕುವ ಹಳೇ ಪುಸ್ತಕಗಳ ಚಿತ್ರಗಳಂತೂ ಜಾಲತಾಣಗಳಲ್ಲಿ ಪುಕ್ಕಟೆ ಸಿಗುತ್ತವೆ. ಖರ್ಚು ಬರುವುದು ಪ್ರಿಂಟಿಗೆ ಮತ್ತು ಕಟ್ಟು ಹಾಕಿಸುವುದಕ್ಕೆ.

ಎಂಥ ಚಿತ್ರ ಆರಿಸಬೇಕು?

ಕಾಟೇಜ್ ಗೋಡೆಗೆ ಎಲ್ಲಕ್ಕಿಂತ ಚೆನ್ನಾಗಿ ಕೂರುವುದು ಹಳೆಯ ಪುಸ್ತಕಗಳ ಸಸ್ಯಚಿತ್ರಗಳು. ಗುಲಾಬಿ ಬೇಕಿದ್ದರೆ ಫ್ರಾನ್ಸಿನ ಸಸ್ಯಚಿತ್ರ ಕಲಾವಿದ ರೆದೂತೆ 1817ರಿಂದ 1824ರವರೆಗೆ ಹೊರತಂದ ಗುಲಾಬಿ ಸಂಪುಟಗಳಿವೆ. ಇಂಗ್ಲೆಂಡಿನ ತೋಟದ ಹೂಗಳು ಬೇಕಿದ್ದರೆ 1787ರಲ್ಲಿ ಶುರುವಾದ ಕರ್ಟಿಸ್ ಬೊಟಾನಿಕಲ್ ಮ್ಯಾಗಜೀನ್ ಇದೆ. ಅದರ ಚಿತ್ರಗಳಿಗೆ 1948ರವರೆಗೂ ಕೈಯಲ್ಲೇ ಬಣ್ಣ ತುಂಬುತ್ತಿದ್ದರು. ಅಲ್ಲಲ್ಲಿ ಎಸಳಿನ ಬಣ್ಣ ಒಂಚೂರು ಗೆರೆ ದಾಟಿರುವುದೂ ಉಂಟು. ಅದರ ಚೆಂದವೇ ಬೇರೆ.

ಆದರೆ ನನ್ನ ಆಗ್ರಹ ಒಂದಿದೆ. ನಾವೆಂದೂ ಮುಟ್ಟಿ ನೋಡದ ಹೂಗಳನ್ನೇ ಯಾಕೆ ಗೋಡೆ ತುಂಬ ಹಾಕಬೇಕು? ಅಲ್ಲಿನ ಹಳ್ಳಿಯವರು ಇಷ್ಟಪಟ್ಟದ್ದು ತಮ್ಮ ಅಂಗಳದ ಹೂವನ್ನು. ನಮ್ಮ ಹಿತ್ತಿಲ ಗಿಡಗಳೂ ಅದೇ ಥರದ ಪುಸ್ತಕಗಳಲ್ಲಿವೆ, ಅಷ್ಟೇ ಚೆನ್ನಾಗಿವೆ.

ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ 'ಹೊರ್ಟಸ್ ಮಲಬಾರಿಕಸ್' ನೋಡಿ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದ 12 ಸಂಪುಟಗಳು. ತಾಮ್ರದ ಹಾಳೆಯಲ್ಲಿ ಕೊರೆದು ಅಚ್ಚು ಹಾಕಿದ ಏಳುನೂರಕ್ಕೂ ಹೆಚ್ಚು ಚಿತ್ರಗಳಿವೆ. ಗಿಡಗಳ ಗುಣ ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ವೈದ್ಯರು. ಜೊತೆಗೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವಿದ್ವಾಂಸರು. ಮೊದಲ ಸಂಪುಟ ಶುರುವಾಗುವುದೇ ತೆಂಗಿನ ಮರದಿಂದ, 'ತೆಂಗ' ಎಂಬ ಹೆಸರಿನಲ್ಲಿ. ಬಹಳಷ್ಟು ಹಾಳೆಗಳಲ್ಲಿ ಗಿಡದ ಹೆಸರನ್ನು ರೋಮನ್, ಮಲಯಾಳಂ, ಅರಬ್ಬಿ, ನಾಗರಿ ಲಿಪಿಗಳಲ್ಲಿ ಚಿತ್ರದ ಜೊತೆಗೇ ಕೆತ್ತಿದ್ದಾರೆ. ಕತ್ತರಿಸುವಾಗ ಆ ಅಕ್ಷರಗಳನ್ನು ದಯವಿಟ್ಟು ಉಳಿಸಿಕೊಳ್ಳಿ. ಮೂರನೇ ಸಂಪುಟದಲ್ಲಿ ಹಲಸು ಇದೆ. ಕರಾವಳಿಯ ಮನೆಯವರಿಗೆ ಇದಕ್ಕಿಂತ ಒಳ್ಳೆಯ ಊಟದ ಕೋಣೆಯ ಚಿತ್ರ ನನಗಂತೂ ಹೊಳೆಯುತ್ತಿಲ್ಲ.

ಇವು ಕಪ್ಪು ಬಿಳುಪು. ಬಣ್ಣದ್ದು ಬೇಕಿದ್ದರೆ ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್ ಅವರ ಕೋರಮಂಡಲ ತೀರದ ಸಸ್ಯಗಳ ಮೂರು ಸಂಪುಟ (1795–1820) ಹುಡುಕಿ. 300 ಚಿತ್ರಗಳಿವೆ, ಬಿಡಿಸಿದವರು ಇಲ್ಲಿನ ಕಲಾವಿದರೇ. ಇನ್ನೊಬ್ಬ ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಮದರಾಸಿನಲ್ಲಿ 1838ರಿಂದ 1853ರವರೆಗೆ ಪ್ರಕಟಿಸಿದ ಸಂಪುಟಗಳಲ್ಲಿ ರಂಗಯ್ಯ ಮತ್ತು ಗೋವಿಂದು ಎಂಬ ಕಲಾವಿದರ ಕೈಚಳಕ ಇದೆ.

ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ಜಾಲತಾಣದಲ್ಲಿ ಇಂಥ ಪುಸ್ತಕಗಳು ಹಾಳೆ ಹಾಳೆಯಾಗಿ ಸಿಗುತ್ತವೆ. ಹಣ್ಣು, ಹಕ್ಕಿ, ಹಳ್ಳಿ ನೋಟಗಳಿಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂ ತಾಣಗಳು ಸಾಕು. ಭಾರತದಲ್ಲಿ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಕರ್ಟಿಸ್ ಮ್ಯಾಗಜೀನಿನ ಇಪ್ಪತ್ತನೇ ಶತಮಾನದ ಮತ್ತು ಆಮೇಲಿನ ಸಂಚಿಕೆಗಳನ್ನು ಬಿಟ್ಟರೆ, ಮೇಲೆ ಹೇಳಿದ ಪುಸ್ತಕಗಳೆಲ್ಲ ಅದನ್ನು ಎಂದೋ ದಾಟಿವೆ. ಹೊಸ ಕಲಾವಿದರು 'ಹಳೇ ಥರ' ಬಿಡಿಸಿದ್ದನ್ನು ಮಾತ್ರ ದುಡ್ಡು ಕೊಟ್ಟೇ ತೆಗೆದುಕೊಳ್ಳಿ.

ಒಂದು ಗೋಡೆಗೆ ಒಂದೇ ಪುಸ್ತಕದಿಂದ ನಾಲ್ಕೈದು ಹಾಳೆ ಆರಿಸಿ. ಗೆರೆಯ ರೀತಿ ಒಂದೇ ಇದ್ದರೆ ಫ್ರೇಮು ಬೇರೆ ಬೇರೆ ಇದ್ದರೂ ಗೋಡೆ ಚೆಲ್ಲಾಪಿಲ್ಲಿಯಾಗಿ ಕಾಣುವುದಿಲ್ಲ.

ಫೈಲಿನ ಅಳತೆ ನೋಡಿ

ಇಂಚಿಗೆ 300 ಪಿಕ್ಸೆಲ್ ಅನ್ನುವ ಲೆಕ್ಕ ಹಿಡಿಯಿರಿ. ಎ4 ಹಾಳೆಗೆ 2480 × 3508 ಪಿಕ್ಸೆಲ್ ಬೇಕು, 8 × 10 ಇಂಚಿಗೆ 2400 × 3000. ನಿಮ್ಮ ಹತ್ತಿರ ಇರುವುದು 1200 × 1800 ಆದರೆ 4 × 6 ಇಂಚಿಗೆ ನಿಲ್ಲಿಸಿ. ಎಳೆದು ದೊಡ್ಡದು ಮಾಡಿದರೆ ತಾಮ್ರದಚ್ಚಿನ ಒತ್ತೊತ್ತು ಗೆರೆಗಳು ಕಲಸಿ ಬೂದು ಮಚ್ಚೆಯಾಗುತ್ತವೆ. ಎಲೆಯ ನರ, ತೊಗಟೆಯ ಗೀರು, ಎಲ್ಲ ಹೋಗುತ್ತದೆ.

ಪ್ರಿಂಟ್ ಅಂಗಡಿಗೆ ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಥರ ಕಳಿಸಬೇಡಿ. ಅದು ಚಿತ್ರವನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಒಯ್ಯಿರಿ.

ಕಾಗದದಲ್ಲೇ ಇದೆ ಕಳೆ

ಚೆನ್ನಾದ ಚಿತ್ರ ಕೂಡ ಹೊಳಪಿನ ಫೋಟೊ ಪೇಪರ್ ಮೇಲೆ ಕ್ಯಾಲೆಂಡರಿನ ಹಾಗೆ ಕಾಣುತ್ತದೆ. ಮ್ಯಾಟ್ ಕಾಗದವೇ ಬೇಕು, ದಪ್ಪ 200ರಿಂದ 250 ಜಿಎಸ್ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ). ಲೇಸರ್ ಪ್ರಿಂಟಿನಲ್ಲಿ ಸಣ್ಣ ಮಿರುಗು ಉಳಿಯುತ್ತದೆ. ಇಂಕ್‌ಜೆಟ್ ಆದರೆ ಮಸಿ ಕಾಗದಕ್ಕೆ ಇಳಿದು ಕೂರುತ್ತದೆ. ಅಂಗಡಿಯವರಲ್ಲಿ ಪಿಗ್ಮೆಂಟ್ ಇಂಕ್ (ಬಣ್ಣದ ಸಣ್ಣ ಕಣಗಳಿರುವ ಮಸಿ) ಇದೆಯಾ ಕೇಳಿ. ಬಣ್ಣ ಕರಗಿಸಿ ಮಾಡಿದ ಡೈ ಇಂಕಿನಷ್ಟು ಬೇಗ ಅದು ಮಾಸುವುದಿಲ್ಲ.

ಬಣ್ಣದ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಸ್ಕ್ಯಾನ್ ಮಾಡಿದ ಹಳೆ ಹಾಳೆಯಲ್ಲಿ ಕಾಗದದ ಹಳದಿ ಆಗಲೇ ಇರುತ್ತದೆ. ಅದನ್ನು ಕೆನೆಬಣ್ಣದ ಕಾಗದದ ಮೇಲೆ ಪ್ರಿಂಟ್ ಮಾಡಿದರೆ ಹಳದಿ ಎರಡು ಪಟ್ಟಾಗಿ ಚಿತ್ರ ಕೊಳೆಯಾದಂತೆ ಕಾಣುತ್ತದೆ. ಹಳದಿ ಉಳಿಸಿಕೊಂಡಿದ್ದರೆ ಬಿಳಿ ಕಾಗದ ತೆಗೆದುಕೊಳ್ಳಿ, ಹಿನ್ನೆಲೆ ಅಳಿಸಿದ್ದರೆ ಕೆನೆಬಣ್ಣದ್ದು. ಫೋನಿನ ಆಟೊ ಫಿಲ್ಟರ್ ಸುಮ್ನೆ ಒತ್ತಬೇಡಿ, ಅದು ಮೊದಲು ತೊಳೆದುಹಾಕುವುದೇ ಆ ಹಳೆತನವನ್ನು. ಪೂರ್ತಿ ಪ್ರಿಂಟ್ ಹಾಕಿಸುವ ಮೊದಲು ಚಿತ್ರದ ಎರಡು ಇಂಚಿನ ಪಟ್ಟಿಯೊಂದನ್ನು ಅದೇ ಕಾಗದದ ಮೇಲೆ ತೆಗೆಸಿ, ಹಗಲು ಬೆಳಕಿನಲ್ಲಿ ಆ ಗೋಡೆಗೇ ಹಿಡಿದು ನೋಡಿ. ಅಳತೆ ಮಾಡಿಟ್ಟಿದ್ದರೆ 'ಫಿಟ್ ಟು ಪೇಜ್' (ಹಾಳೆಗೆ ತಕ್ಕಂತೆ ಅಳತೆ ಬದಲಿಸುವುದು) ಬೇಡ, 100 ಪರ್ಸೆಂಟ್‌ನಲ್ಲಿ ಪ್ರಿಂಟ್ ಕೊಡಿ ಎನ್ನಿ.

ಮೌಂಟು, ಫ್ರೇಮು

ಚಿತ್ರದ ಸುತ್ತ ಬರುವ ದಪ್ಪ ರಟ್ಟಿನ ಅಂಚೇ ಮೌಂಟ್. ಇದಕ್ಕೆ ಕಂಜೂಸಿ ಮಾಡಬೇಡಿ. ಎ4 ಚಿತ್ರಕ್ಕೆ ಸುತ್ತಲೂ ಎರಡು ಇಂಚು ಬಿಡಿಸಿ, ಕೆಳಗೆ ಒಂಚೂರು ಜಾಸ್ತಿ ಇರಲಿ. ಒಳಗಿನ ಕಿಂಡಿ ಪ್ರಿಂಟಿಗಿಂತ ನಾಲ್ಕೂ ಕಡೆ 3 ಮಿಲಿಮೀಟರ್ ಚಿಕ್ಕದಿರಬೇಕು. ಆಗ ಹಾಳೆಯ ಅಂಚು ಕಾಣುವುದಿಲ್ಲ. ಅಚ್ಚ ಬಿಳಿಯ ಬದಲು ಕೆನೆಬಣ್ಣದ, ಆ್ಯಸಿಡ್ ಇಲ್ಲದ ರಟ್ಟು ಕೇಳಿ.

ಮೌಂಟ್ ಚೆಂದಕ್ಕೆ ಮಾತ್ರ ಅಲ್ಲ. ಅದಿದ್ದರೆ ಚಿತ್ರ ಗಾಜಿಗೆ ತಾಗುವುದಿಲ್ಲ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಗಾಜಿಗೆ ಅಂಟಿದ ಹಾಳೆಯನ್ನು ಬಿಡಿಸಲು ಹೋದರೆ ಬಣ್ಣವೇ ಕಿತ್ತು ಬರುತ್ತದೆ. ಅಂಥ ಊರುಗಳಲ್ಲಿ ಮಳೆ ಹೊಡೆಯುವ ಹೊರಗೋಡೆಯ ಮೇಲೆ ಚಿತ್ರ ಬೇಡ, ಒಳಗಿನ ಗೋಡೆ ನೋಡಿಕೊಳ್ಳಿ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬೆಂಡಿನ ಬಿಲ್ಲೆ ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ, ಬೂಷ್ಟು ಕಡಿಮೆ.

ಫ್ರೇಮಿಗೆ ಹೊಸದೇ ಆಗಬೇಕೆಂದಿಲ್ಲ. ಊರ ಮನೆಯ ಅಟ್ಟದಲ್ಲಿ ಗಾಜು ಒಡೆದ ತೇಗದ ಫ್ರೇಮುಗಳು ಬಿದ್ದಿರುತ್ತವೆ. ಒರೆಸಿ, ಎಣ್ಣೆ ಸವರಿ, ಹೊಸ ಗಾಜು ಕೂರಿಸಿದರೆ ಅಂಗಡಿಯ ಯಾವ 'ಆ್ಯಂಟಿಕ್ ಫಿನಿಶ್' ಕೂಡ ಅದರ ಮುಂದೆ ನಿಲ್ಲದು. ತೆಳು ಮರದ್ದು, ಸುಣ್ಣದ ಬಿಳಿ ಬಳಿದದ್ದು, ಒಂದೆರಡು ಮಂಕು ಬಂಗಾರದ್ದು, ಹೀಗೆ ಬೆರೆಸಬಹುದು. ಹೊಳೆಯುವ ಕಪ್ಪು ಪ್ಲಾಸ್ಟಿಕ್ ಮಾತ್ರ ಬೇಡ.

ತೂಗುಹಾಕುವುದು

ನಮ್ಮಲ್ಲಿ ಹಿರಿಯರ ಫೋಟೊಗಳನ್ನು ಬಾಗಿಲ ಮೇಲೆ, ಮುಂದಕ್ಕೆ ಬಾಗಿಸಿ ಹಾಕುವ ರೂಢಿ. ಅವರನ್ನು ತಲೆಯೆತ್ತಿ ನೋಡುವುದು ಸರಿಯೇ. ಈ ಚಿತ್ರಗಳನ್ನು ಹತ್ತಿರ ನಿಂತು ನೋಡಬೇಕು. ಚಿತ್ರದ ನಡುಭಾಗ ನೆಲದಿಂದ ಸುಮಾರು 57 ಇಂಚು, ಅಂದರೆ ಕಣ್ಣಿನ ಮಟ್ಟಕ್ಕೆ ಇರಲಿ. ಸೋಫಾ ಮೇಲಾದರೆ ಅದರ ಬೆನ್ನಿನಿಂದ ಆರೆಂಟು ಇಂಚು ಮೇಲೆ ಶುರುವಾಗಲಿ. ಗುಂಪಾಗಿ ಹಾಕುವಾಗ ನಡುವೆ ಎರಡು ಇಂಚಿಗಿಂತ ಜಾಸ್ತಿ ಬಿಡಬೇಡಿ. ದೂರ ದೂರ ಆದರೆ ಆಫೀಸಿನ ಗೋಡೆಯಾಗುತ್ತದೆ.

ಮೊಳೆ ಹೊಡೆಯುವ ಮೊದಲು ಹಳೆ ಪೇಪರನ್ನು ಫ್ರೇಮಿನ ಅಳತೆಗೆ ಕತ್ತರಿಸಿ, ಮಾಸ್ಕಿಂಗ್ ಟೇಪಿನಲ್ಲಿ ಅಂಟಿಸಿ ಎರಡು ದಿನ ಓಡಾಡುತ್ತಾ ನೋಡಿ. ಬಾಡಿಗೆ ಮನೆಯಲ್ಲಿ ಮೊಳೆಗೆ ಓನರ್ ಒಪ್ಪದಿದ್ದರೆ ಅಂಟುವ ಪಟ್ಟಿಗಳಿವೆ. ಆದರೆ ಕೈಗೆ ಪುಡಿ ಹತ್ತುವ ಸುಣ್ಣ, ಡಿಸ್ಟೆಂಪರ್ ಗೋಡೆಗೆ ಅವು ನಿಲ್ಲುವುದಿಲ್ಲ. ಅಲ್ಲಿ ಕಪಾಟಿನ ಮೇಲೆ, ಪುಸ್ತಕಗಳ ಹಿಂದೆ ಒರಗಿಸಿಟ್ಟರಾಯಿತು. ಕಾಟೇಜ್ ಶೈಲಿಗೆ ಅದೂ ಒಪ್ಪುತ್ತದೆ.

ಚಿತ್ರದ ಸುತ್ತಮುತ್ತ ಜಾಸ್ತಿ ಏನೂ ಬೇಡ. ಕೆನೆಬಣ್ಣದ ಗೋಡೆ, ಸಣ್ಣ ಹೂವಿನ ಹತ್ತಿ ಪರದೆ, ಒಂದು ಪಿಂಗಾಣಿ ಜಗ್ಗಿನಲ್ಲಿ ಹಿತ್ತಿಲ ಹೂವು. ಕೆಂಪು ಗಾರೆಯ ನೆಲವಿದ್ದರೆ ನೀವು ಪುಣ್ಯವಂತರು, ಅದರ ಮೇಲೆ ಕಾರ್ಪೆಟ್ ಹಾಸಬೇಡಿ.

ಪಶ್ಚಿಮದ ಬಿಸಿಲು ಬೀಳುವ ಕಡೆ, ಒಗ್ಗರಣೆ ಹೊಗೆ ತಾಗುವ ಕಡೆ ಹಾಕಿದ ಪ್ರಿಂಟ್ ಬೇಗ ಕೆಡುತ್ತದೆ. ಫೈಲ್ ಇಟ್ಟುಕೊಂಡಿದ್ದರೆ ಮತ್ತೆ ತೆಗೆಸಬಹುದು. ಅದಕ್ಕೇ ಕಟ್ಟು ಹಾಕಿಸುವಾಗ ಹಿಂದಿನ ಹಲಗೆಗೆ ಮೊಳೆ ಹೊಡೆದು ಮುಚ್ಚುವ ಬದಲು ತಿರುಗಿಸುವ ಚಿಲಕ ಹಾಕಿಕೊಡಲು ಹೇಳಿ. ಮಾಸಿದ ಹಾಳೆ ತೆಗೆದು ಹೊಸದು ಹಾಕಲು ಮತ್ತೆ ಅಂಗಡಿಗೆ ಹೋಗಬೇಕಾಗಿಲ್ಲ.