ಇ-ಸೈಕಲ್ ಹಿಂದಿನ ಚಕ್ರ ಪಂಕ್ಚರ್ ಆದರೆ ಏನು ಮಾಡಬೇಕು?

ಎಲೆಕ್ಟ್ರಿಕ್ ಸೈಕಲ್‌ನ ಹಿಂದಿನ ಚಕ್ರ ಪಂಕ್ಚರ್ ಆದರೆ ಎಷ್ಟೋ ಅಂಗಡಿಯವರು ಮುಟ್ಟಲು ಹಿಂಜರಿಯುತ್ತಾರೆ. ಹೆಚ್ಚಿನವುಗಳಲ್ಲಿ ಮೋಟಾರ್ ಇರುವುದು ಆ ಚಕ್ರದ ನಡುವೆಯೇ ಅಲ್ವಾ? ವೈರ್ ಕಿತ್ತುಹೋದರೆ ಯಾರು ಹೊಣೆ ಅನ್ನುವ ಭಯ. ಭಯ ಸುಳ್ಳಲ್ಲ, ಆದರೆ ಕೆಲಸ ಮನೆಯಲ್ಲೇ ಆಗುವಂಥದ್ದು.

ಸರಿಯಾದ ಅಳತೆಯ ಸ್ಪ್ಯಾನರ್ ಇಟ್ಟುಕೊಳ್ಳಿ. 250 ವ್ಯಾಟ್ ಮೋಟಾರಿನ ನಟ್ ಹೆಚ್ಚಾಗಿ 18 ಮಿ.ಮೀ. ಇರುತ್ತದೆ. ಅಡ್ಜಸ್ಟಬಲ್ ಸ್ಪ್ಯಾನರ್ ಬೇಡ, ಜಾರಿ ನಟ್‌ನ ಮೂಲೆಗಳನ್ನೇ ಸವೆಸುತ್ತದೆ. ಜೊತೆಗೆ ಟೈರ್ ಲಿವರ್, ಎಮರಿ ಪೇಪರ್, ಸೊಲ್ಯೂಷನ್, ಪ್ಯಾಚ್, ಕೇಬಲ್ ಟೈ, ಪಂಪು.

ಮೊದಲು ಸ್ವಿಚ್ ಆಫ್ ಮಾಡಿ ಬ್ಯಾಟರಿ ತೆಗೆದಿಡಿ. ಸೈಕಲ್ ತಲೆಕೆಳಗೆ ಮಾಡುವಾಗ ಹ್ಯಾಂಡಲ್‌ನ ಎರಡೂ ಬದಿಗೆ ಇಟ್ಟಿಗೆ ಕೊಡಿ. ಇಲ್ಲದಿದ್ದರೆ ಭಾರವೆಲ್ಲ ಡಿಸ್‌ಪ್ಲೇ ಮೇಲೆ ಬೀಳುತ್ತದೆ.

ಚಕ್ರ ಬಿಚ್ಚಲು ಆತುರ ಬೇಡ. ಬರೀ ಪ್ಯಾಚ್ ಹಾಕುವುದಾದರೆ ಬಿಚ್ಚುವ ಅಗತ್ಯವೇ ಇಲ್ಲ. ಚಕ್ರ ನಿಧಾನವಾಗಿ ತಿರುಗಿಸಿ ಮುಳ್ಳೋ ಮೊಳೆಯೋ ಹುಡುಕಿ. ಚೈನ್ ಇಲ್ಲದ ಕಡೆಯಿಂದ ಟೈರಿನ ಅಂಚು ಎಬ್ಬಿಸಿ, ಅಷ್ಟು ಭಾಗದ ಟ್ಯೂಬ್ ಮಾತ್ರ ಹೊರಗೆಳೆಯಿರಿ. ಎಮರಿ ಪೇಪರ್‌ನಿಂದ ಉಜ್ಜಿ, ಸೊಲ್ಯೂಷನ್ ಸವರಿ, ಅದು ಒಣಗಿದ ಮೇಲೆ ಪ್ಯಾಚ್ ಒತ್ತಿ. ಟೈರ್ ಒಳಗೆ ಮುಳ್ಳಿನ ತುದಿ ಉಳಿದಿದೆಯೇ ಎಂದು ಬಟ್ಟೆಯಿಂದ ಸವರಿ ನೋಡಿ.

ಟ್ಯೂಬನ್ನೇ ಬದಲಿಸಬೇಕೆಂದರೆ ಮಾತ್ರ ಚಕ್ರ ಹೊರಬರಬೇಕು. ಫ್ರೇಮ್‌ಗೆ ವೈರ್ ಕಟ್ಟಿದ ಟೈ ಕತ್ತರಿಸಿ, ಮೋಟಾರ್ ಕನೆಕ್ಟರ್ ಬಿಚ್ಚಿ. ನೇರವಾಗಿ ಎಳೆಯಬೇಕು, ತಿರುಚಿದರೆ ಒಳಗಿನ ಪಿನ್ ಬಾಗುತ್ತದೆ. ನಟ್ ತೆಗೆಯುವ ಮುಂಚೆ ಎರಡೂ ಕಡೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ವಾಷರ್‌ಗಳ ಕ್ರಮ ಆಮೇಲೆ ನೆನಪಿರುವುದಿಲ್ಲ. ಡಿಸ್ಕ್ ಬ್ರೇಕ್ ಇದ್ದರೆ, ಚಕ್ರ ಹೊರಗಿರುವಾಗ ಬ್ರೇಕ್ ಲಿವರ್ ಒತ್ತಬೇಡಿ.

ವಾಪಸ್ ಹಾಕುವಾಗ ಜಾಸ್ತಿ ಗಮನ ಬೇಕಾದದ್ದು ಟಾರ್ಕ್ ವಾಷರ್ ಕಡೆಗೆ. ಒಂದು ಕೊಕ್ಕೆ ಇರುವ ವಾಷರ್ ಅದು. ಮೋಟಾರ್ ಚಕ್ರವನ್ನು ಮುಂದಕ್ಕೆ ನೂಕುವಾಗ ಆಕ್ಸಲ್, ಅಂದರೆ ಚಕ್ರದ ನಡುವಿನ ಅಚ್ಚು, ಹಿಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ಹಿಡಿದಿಡುವುದೇ ಈ ವಾಷರ್. ಕೊಕ್ಕೆ ಫ್ರೇಮಿನ ಸೀಳಿನಲ್ಲಿ ಸರಿಯಾಗಿ ಕೂರದಿದ್ದರೆ ಆಕ್ಸಲ್ ಗಿರ್ರನೆ ತಿರುಗಿ ವೈರ್ ಹರಿದುಹಾಕುತ್ತದೆ. ಆಮೇಲೆ ಪಂಕ್ಚರ್ ಖರ್ಚಲ್ಲ, ಮೋಟಾರ್ ಖರ್ಚು! ನಟ್ ಬಿಗಿಯಾಗಿರಲಿ. ಟಾರ್ಕ್ ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್) ಇದ್ದರೆ ಕೈಪಿಡಿಯಲ್ಲಿ ಹೇಳಿದಷ್ಟು, ಸಾಮಾನ್ಯವಾಗಿ 40 ನ್ಯೂಟನ್ ಮೀಟರ್ ಆಸುಪಾಸು.

ಕನೆಕ್ಟರ್ ಮೇಲಿನ ಬಾಣದ ಗುರುತುಗಳನ್ನು ಎದುರುಬದುರು ಹಿಡಿದು ಪೂರ್ತಿ ಒತ್ತಿ. ಆಕ್ಸಲ್ ಹತ್ತಿರ ವೈರ್ ಸ್ವಲ್ಪ ಕೆಳಗೆ ಜೋತು ಬಿದ್ದು ಮೇಲೆ ಹೋಗುವಂತೆ ಟೈ ಹಾಕಿ. ಮಳೆನೀರು ಮೋಟಾರ್ ಒಳಗೆ ಇಳಿಯದೆ ಅಲ್ಲೇ ತೊಟ್ಟಿಕ್ಕುತ್ತದೆ.

ಗಾಳಿ ಎಷ್ಟು ಅನ್ನುವುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಬ್ಯಾಟರಿ ಹಾಕಿ, ಚಕ್ರ ಎತ್ತಿಟ್ಟು ಮೋಟಾರ್ ನಿಧಾನವಾಗಿ ಓಡಿಸಿ ನೋಡಿ. ತಡವರಿಸಿದರೆ ಗಾಬರಿ ಬೇಡ, ಕನೆಕ್ಟರ್ ಅರ್ಧ ಮಾತ್ರ ಕೂತಿರಬಹುದು. ಮೊದಲ ಸವಾರಿ ಮುಗಿದ ಮೇಲೆ ನಟ್‌ಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.