ನೀರಿಗಿಳಿಯುವ ಮುನ್ನ ಬಿಲ್ಲೆ: ಹುಡುಗರ ಶಿಬಿರದಲ್ಲಿ ಜೋಡಿ ಎಣಿಕೆ

ಅಮೆರಿಕದ ಹುಡುಗರ ಬೇಸಿಗೆ ಶಿಬಿರಗಳಿಗೂ ಸರೋವರಗಳಿಗೂ ಹಳೆಯ ನಂಟು. 1881ರಲ್ಲಿ ಅರ್ನೆಸ್ಟ್ ಬಾಲ್ಚ್ ನ್ಯೂ ಹ್ಯಾಂಪ್‌ಶೈರ್‌ನ ಸ್ಕ್ವಾಮ್ ಸರೋವರದ ದ್ವೀಪವೊಂದರಲ್ಲಿ ಶಿಬಿರ ಹೂಡಿದ. ಅಡುಗೆ, ಪಾತ್ರೆ ತೊಳೆಯುವುದು ಹುಡುಗರದೇ ಕೆಲಸ. 1885ರಲ್ಲಿ ಸಮ್ನರ್ ಡಡ್ಲಿ ಏಳು ಹುಡುಗರನ್ನು ಕಟ್ಟಿಕೊಂಡು ಶುರುಮಾಡಿದ ಶಿಬಿರ ಈಗಲೂ ಶಾಂಪ್ಲೇನ್ ಸರೋವರದ ದಡದಲ್ಲಿ ನಡೆಯುತ್ತಿದೆ. ಹಾಡು, ಶಿಬಿರಾಗ್ನಿ ಒಂದೊಂದು ಕಡೆ ಒಂದೊಂದು ಥರ. ಬಿಡಲೇಬಾರದ ಸಂಪ್ರದಾಯವೆಂದರೆ ಜೋಡಿ ಈಜು: ಇಬ್ಬಿಬ್ಬರು ಜೊತೆಯಾಗಿ, ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಈಜುವುದು. ಸ್ಕೌಟ್ ಶಿಬಿರಗಳಲ್ಲಿ ಅದು ನಡೆಯುವ ಕ್ರಮ ಹೀಗೆ.

ಮೊದಲು ಪರೀಕ್ಷೆ. ಆಳು ಮುಳುಗುವ ನೀರಿಗೆ ಕಾಲು ಮುಂದಾಗಿ ಜಿಗಿದು 75 ಗಜ ಗಟ್ಟಿಯಾಗಿ ಈಜಬೇಕು, ಮುಂದಿನ 25 ಗಜ ಅಂಗಾತ, ನಿಧಾನವಾಗಿ. ನಡುವೆ ನಿಲ್ಲುವಂತಿಲ್ಲ, ಒಮ್ಮೆಯಾದರೂ ಚಕ್ಕನೆ ತಿರುಗಬೇಕು, ಕೊನೆಗೆ ತೇಲಬೇಕು. ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಕಲಿತವರು ಎಡವುವುದು ಅಂಗಾತ ಈಜಿನಲ್ಲೇ. ಅದನ್ನು ಮೊದಲೇ ಅಭ್ಯಾಸ ಮಾಡಿಸಿ.

ಪಾಸಾದವನಿಗೆ ಕೆಂಪು-ನೀಲಿ ಬಿಲ್ಲೆ, 12 ಅಡಿವರೆಗಿನ ನೀರು. ಅರ್ಧ ಕಲಿತವನಿಗೆ ಕೆಂಪು, ಸುಮಾರು 6 ಅಡಿ. ಈಜು ಬಾರದವನಿಗೆ ಬಿಳಿ, ಮೂರೂವರೆ ಅಡಿ. ಜೋಡಿಯಲ್ಲಿ ಯಾರ ಈಜು ಕಡಿಮೆಯೋ ಅವನ ಜಾಗದಲ್ಲೇ ಇಬ್ಬರೂ ಇರಬೇಕು. ಹತ್ತು ಹುಡುಗರಿಗೆ ಒಬ್ಬ ರಕ್ಷಕ.

ಇಬ್ಬರ ಬಿಲ್ಲೆಗಳನ್ನೂ ದಡದಲ್ಲಿರುವ ಹಲಗೆಯ ಒಂದೇ ಕೊಕ್ಕೆಗೆ ನೇತುಹಾಕಿಯೇ ನೀರಿಗಿಳಿಯುವುದು. ಸುಮಾರು ಹತ್ತು ನಿಮಿಷಕ್ಕೊಮ್ಮೆ ಒಂದು ಸೀಟಿ. ನಿಧಾನವಾಗಿ ಹತ್ತು ಎಣಿಸುವಷ್ಟರಲ್ಲಿ ಜೋಡಿಗಳು ಕೈ ಹಿಡಿದು ಮೇಲೆತ್ತಿ, ಮಾತಿಲ್ಲದೆ ನಿಲ್ಲಬೇಕು. ತಲೆ ಎಣಿಸಿ ಹಲಗೆಗೆ ತಾಳೆ ನೋಡಿ. ಸರಿಯಿದ್ದರೆ ಎರಡು ಸೀಟಿ, ಆಟ ಮುಂದುವರಿಯಲಿ. ಮೂರು ಸೀಟಿಯಾದರೆ ಎಲ್ಲರೂ ಹೊರಗೆ. ಎಣಿಸುವಾಗ ಪಕ್ಕದವನ ಕೈಯನ್ನೇ ಹಿಡಿದು ಮೇಲೆತ್ತುವ ಚಾಲಾಕಿಗಳಿರುತ್ತಾರೆ. ಹತ್ತರೊಳಗೆ ತನ್ನ ಜೊತೆಗಾರನನ್ನು ಸೇರದವನನ್ನು ದಡಕ್ಕೆ ಕರೆದು, ಇಬ್ಬರೂ ದೂರವಾದದ್ದು ಹೇಗೆಂದು ಕೇಳಿ.

ಎಡವಟ್ಟು ಹೆಚ್ಚಾಗಿ ಆಗುವುದು ನೀರಿನಲ್ಲಲ್ಲ, ಹಲಗೆಯ ಹತ್ತಿರ. ಊಟದ ಗಂಟೆ ಕೇಳಿ ಓಡಿದವನು ಕೊಕ್ಕೆಯಿಂದ ಬಿಲ್ಲೆ ತೆಗೆಯಲು ಮರೆತರೆ, ಲೆಕ್ಕದಲ್ಲಿ ಅವನಿನ್ನೂ ನೀರಿನಲ್ಲೇ. ‘ಊಟಕ್ಕೆ ಹೋಗಿರಬೇಕು’ ಎಂದು ಊಹಿಸಿ ಕೈಬಿಡಬೇಡಿ. ಎಲ್ಲರನ್ನೂ ಹೊರಗೆ ಕರೆದು ತಳ ಹುಡುಕಲು ಶುರುಮಾಡಿ, ಊಟದ ಮನೆಗೂ ಡೇರೆಗೂ ಒಬ್ಬನನ್ನು ಓಡಿಸಿ. ತೇಲುತ್ತಾ ನಿಂತವನಿಗೆ ತನ್ನ ಪಾದವೇ ಕಾಣದಷ್ಟು ನೀರು ಕಲಕಿದ್ದರೆ ತಲೆ ಮುಂದಾಗಿ ಧುಮುಕುವುದು, ಮುಳುಗಿ ಈಜುವುದು ಎರಡೂ ಬಂದ್. ಕೊಕ್ಕೆಗಳು ಖಾಲಿಯಾಗುವ ತನಕ ರಕ್ಷಕರು ಜಾಗ ಬಿಡುವಂತಿಲ್ಲ.