ಗಾಲ್ಫ್ ಕಲಿಕೆ ಕುಳಿಯ ಬಳಿಯಿಂದ ಆರಂಭವಾಗಲಿ

ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡಕ್ಕೆ, ರೇಸ್‌ಕೋರ್ಸ್ ಕಡೆಗೆ ಹೋದವರಿಗೆ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್‌ನ 18 ಹೋಲ್‌ಗಳ ಹಸಿರು ಮೈದಾನದ ಪರಿಚಯ ಇದ್ದೇ ಇರುತ್ತದೆ. ‘ಅದು ನಮ್ಮಂಥವರ ಆಟವಲ್ಲ’ ಎಂದು ಹೊರಗಿನಿಂದಲೇ ನೋಡಿ ಮುಂದೆ ಹೋಗುವವರು ಬಹಳ. ನನಗೆ ಇದು ಬೇಸರದ ಸಂಗತಿ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಪರವಾಗಿ ಆಡಿದ ಪ್ರಣವಿ ಅರಸ್ ಇದೇ ಊರಿನವರು. ಆಸೆಯಿದ್ದರೆ ಕಲಿಯಿರಿ, ಆದರೆ ಹೊಸಬರೆಲ್ಲ ಆರಂಭಿಸುವ ಕಡೆಯಿಂದ ಆರಂಭಿಸಬೇಡಿ.

ಹೊಸಬರು ಮೊದಲು ಕೈಹಾಕುವುದು ಡ್ರೈವರ್‌ಗೆ. ಚೀಲದಲ್ಲಿ ಅತ್ಯಂತ ಉದ್ದನೆಯ, ಪಳಗಿಸಲು ಅತ್ಯಂತ ಕಷ್ಟದ ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು, ಅದೇ. ನಾನು ಹೇಳುವುದು ಇದಕ್ಕೆ ತದ್ವಿರುದ್ಧ: ಚೆಂಡು ಕೊನೆಗೆ ಸೇರುವ ಕುಳಿಯ ಬಳಿ ಮೊದಲು ಕಲಿಯಿರಿ, ಅಲ್ಲಿಂದ ಹಿಂದಕ್ಕೆ ಸರಿಯುತ್ತ ಬನ್ನಿ. ಲೆಕ್ಕವೂ ಹೀಗೆಯೇ ಹೇಳುತ್ತದೆ. ಪಾರ್ (ನುರಿತ ಆಟಗಾರರಿಗೆ ಬೇಕಾಗುವ ಹೊಡೆತಗಳ ಎಣಿಕೆ) ನಿಗದಿ ಮಾಡುವಾಗ ಪ್ರತಿ ಹೋಲ್‌ಗೂ ಎರಡು ಪಟ್ (ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ) ಎಂದು ಎಣಿಸುತ್ತಾರೆ. ಪಾರ್ 72ರ ಮೈದಾನದಲ್ಲಿ 36 ಹೊಡೆತ, ಅಂದರೆ ಸರಿಯಾಗಿ ಅರ್ಧ ಆಟ, ಕುಳಿಯ ಸುತ್ತಲಿನ ನುಣುಪು ಹುಲ್ಲಿನ ‘ಗ್ರೀನ್’ ಮೇಲೆಯೇ ನಡೆಯುತ್ತದೆ.

ಹಾಗಾಗಿ ಮೊದಲ ಪಾಠ ಪಟ್. ಇದಕ್ಕೆ ಮನೆಯ ನಡುಮನೆ ಸಾಕು. ಜಮಖಾನ ಹಾಸಿ, ಸ್ಟೀಲ್ ಲೋಟವೊಂದನ್ನು ಮಲಗಿಸಿ, ಆರು ಅಡಿ ದೂರದಿಂದ ಉರುಳಿಸಿ. ಕಣ್ಣು ಚೆಂಡಿನ ನೇರ ಮೇಲಿರಲಿ, ಮಣಿಕಟ್ಟು ಮುರಿಯದಿರಲಿ, ಭುಜಗಳು ಮಾತ್ರ ತೂಗಲಿ. ನಿಜವಾದ ಕುಳಿಯ ವ್ಯಾಸ 108 ಮಿಲಿಮೀಟರ್. ಲೋಟದ ಬಾಯಿ ಅದಕ್ಕಿಂತ ಕಿರಿದು. ಲೋಟಕ್ಕೆ ಗುರಿ ಕಟ್ಟಿದವರಿಗೆ ಮೈದಾನದ ಕುಳಿ ವಿಶಾಲವಾಗಿ ಕಾಣುತ್ತದೆ.

ನಂತರ ಗ್ರೀನ್ ಅಂಚಿನಿಂದ ಚಿಪ್, ಅಂದರೆ ಚೆಂಡನ್ನು ತುಸು ಹಾರಿಸಿ ಉರುಳಿಸುವ ಹೊಡೆತ. ಮುಖ ಹೆಚ್ಚು ಓರೆಯಿರುವ ವೆಜ್ ಎಂಬ ಕ್ಲಬ್ ಹಿಡಿದು, ಪಾದಗಳನ್ನು ಹತ್ತಿರ ತಂದು, ಮೈಭಾರವನ್ನು ಗುರಿಯ ಕಡೆಯ ಕಾಲಿನ ಮೇಲೆ ಹಾಕಿ ಪಟ್‌ನಂತೆಯೇ ತೂಗಿದರೆ ಆಯಿತು.

ಈಗ ಹಿಡಿತ. ಇಲ್ಲಿ ಅವಸರ ಬೇಡ. ತಪ್ಪು ಹಿಡಿತ ಒಮ್ಮೆ ಕೈಗೆ ಒಗ್ಗಿಬಿಟ್ಟರೆ ಬಿಡಿಸುವುದು ಕಲಿಸುವುದಕ್ಕಿಂತ ಕಷ್ಟ. ಬಲಗೈಯವರಾದರೆ ಕ್ಲಬ್ ಎಡಗೈಯ ಬೆರಳುಗಳ ಬುಡದಲ್ಲಿ ಕೂರಬೇಕು, ಅಂಗೈ ನಡುವೆ ಅಲ್ಲ. ಬಗ್ಗಿ ನೋಡಿದರೆ ಎಡಗೈಯ ಎರಡು ಗೆಣ್ಣುಗಳು ಕಾಣಬೇಕು. ಬಲಗೈ ಅದರ ಕೆಳಗೆ ಬಂದು, ಎಡ ಹೆಬ್ಬೆರಳನ್ನು ಅಂಗೈಯಿಂದ ಮುಚ್ಚಲಿ. ಬಲ ಕಿರುಬೆರಳನ್ನು ಎಡಗೈ ಬೆರಳುಗಳ ಮೇಲೆ ಹೇರಬಹುದು, ಹೆಣೆಯಬಹುದು. ಮಕ್ಕಳಿಗೆ, ಪುಟ್ಟ ಕೈಯವರಿಗೆ ಹತ್ತು ಬೆರಳೂ ಕ್ಲಬ್ ಮೇಲಿರುವ ಹಿಡಿತವೇ ಸಲೀಸು. ಎಷ್ಟು ಬಿಗಿ? ಮಾಗಿದ ನಂಜನಗೂಡು ರಸಬಾಳೆಯನ್ನು ನಜ್ಜಾಗದಂತೆ ಹಿಡಿಯುವಷ್ಟು.

ಪೂರ್ಣ ಹೊಡೆತಕ್ಕೆ ಮಧ್ಯಮ ಉದ್ದದ ಕ್ಲಬ್ ಆದ 7ನೇ ಐರನ್ ಒಳ್ಳೆಯ ಗುರು. ಪಾದಗಳ ನಡುವೆ ಭುಜದಷ್ಟು ಅಗಲ, ಚೆಂಡು ಸರಿಸುಮಾರು ನಡುವೆ, ಬಗ್ಗುವುದು ಬೆನ್ನಿನಿಂದಲ್ಲ, ಸೊಂಟದಿಂದ. ಮೊದಲ ಕೆಲವು ವಾರ ಸೊಂಟದೆತ್ತರದಿಂದ ಸೊಂಟದೆತ್ತರಕ್ಕೆ ಅರ್ಧ ಬೀಸು ಸಾಕು. ಚೆಂಡನ್ನು ಕೆಳಗಿನಿಂದ ಮೊಗೆದು ಮೇಲೆತ್ತಲು ಹೋಗುವುದೇ ಹೊಸಬರ ದೊಡ್ಡ ತಪ್ಪು. ಆಗ ಕ್ಲಬ್ ಚೆಂಡಿನ ತಲೆ ಸವರುತ್ತದೆ, ಚೆಂಡು ನೆಲದಲ್ಲೇ ಓಡುತ್ತದೆ. ಚೆಂಡನ್ನು ಎತ್ತುವ ಕೆಲಸ ಕ್ಲಬ್ ಮುಖದ ಓರೆಯದು. ನೀವು ಮೊದಲು ಚೆಂಡಿಗೆ, ಆಮೇಲೆ ನೆಲಕ್ಕೆ ತಾಗಿಸಬೇಕು. ಪರೀಕ್ಷಿಸಲು ಹುಲ್ಲಿನ ಮೇಲೆ ರಂಗೋಲಿ ಪುಡಿಯಿಂದ ಗೆರೆ ಎಳೆದು, ಚೆಂಡಿಲ್ಲದೆ ಬೀಸಿ. ನೆಲ ತರಚಿದ ಗುರುತು ಗೆರೆಯಿಂದ ಗುರಿಯ ಕಡೆಗಿದ್ದರೆ ಸರಿ. ಹಿಂದಿದ್ದರೆ ಮೈಭಾರ ಹಿಂಗಾಲಿನಲ್ಲೇ ಉಳಿದಿದೆ ಎಂದರ್ಥ.

ನಿಯಮದಂತೆ 14 ಕ್ಲಬ್‌ಗಳವರೆಗೆ ಒಯ್ಯಬಹುದು. ನಿಮಗೆ ಸದ್ಯಕ್ಕೆ ಪಟ್ ಹೊಡೆಯುವ ಪಟರ್, ವೆಜ್, 7ನೇ ಐರನ್ ಸಾಕು. ಬಳಸಿದ ಕ್ಲಬ್‌ಗಳಾದರೂ ಅಡ್ಡಿಯಿಲ್ಲ. ಹಣ ಉಳಿದರೆ ತರಬೇತುದಾರರ ಕೆಲವು ಪಾಠಗಳಿಗೆ ಕೊಡಿ. ನಮ್ಮ ಬೀಸು ನಮಗೇ ಕಾಣುವುದಿಲ್ಲ.

ಮೈದಾನಕ್ಕೆ ಇಳಿದ ದಿನ, ಚೆಂಡು ಯಾರತ್ತಲಾದರೂ ಹಾರಿದರೆ ‘ಫೋರ್’ ಎಂದು ಗಟ್ಟಿಯಾಗಿ ಕೂಗಿ. ಕಳೆದ ಚೆಂಡನ್ನು ಹುಡುಕಲು ಮೂರು ನಿಮಿಷ ಮಾತ್ರ ಅವಕಾಶ. ಹಿಂದಿನ ಗುಂಪು ಕಾಯುತ್ತಿದ್ದರೆ ದಾರಿ ಬಿಡಿ. ಗ್ರೀನ್ ಮೇಲೆ ಚೆಂಡು ಬಿದ್ದು ತಗ್ಗಾಗಿದ್ದರೆ ಚೆಂಡು ಕೂರಿಸುವ ಪುಟ್ಟ ಗೂಟವಾದ ‘ಟೀ’ಯ ಮೊನೆಯಿಂದ ಅಂಚಿನ ಹುಲ್ಲನ್ನು ನಡುವಿಗೆ ತಳ್ಳಿ, ಪಟರ್‌ನ ತಳದಿಂದ ಮೆಲ್ಲಗೆ ತಟ್ಟಿ ಸಮ ಮಾಡಿ. ಅಂಕವನ್ನು ಗ್ರೀನ್‌ನಿಂದ ಇಳಿದ ಮೇಲೆ ಬರೆದುಕೊಳ್ಳಿ.